ಅಟ್ಟಕ್ಕೋ, ಮಂಡಿಗೋ

ಶಂಭುಲಿಂಗಯ್ಯನವರ ಕೊಬ್ಬರಿ ಕಣದಲ್ಲಿ ಎರಡು ಕೆಂಪು ಕಾರುಗಳು ಅಕ್ಕಪಕ್ಕ ನಿಂತಿದ್ದವು. ಒಂದು, ಹನ್ನೆರಡು ವರ್ಷದಿಂದ ಅವರಲ್ಲಿದ್ದ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಇನ್ನೊಂದು ಅದೇ ಕಂಪನಿಯ, ಅದೇ ಹೆಸರಿನ ಹೊಸ ಮಾಡೆಲ್. ಓಡಿಸಿ ನೋಡಲೆಂದು ಶೋರೂಮಿನ ಸೂರ್ಯಪ್ರಕಾಶ್ ತಂದಿದ್ದ. ಹಳೆಯದನ್ನು ಕೊಟ್ಟು ಹೊಸದನ್ನು ತೆಗೆದುಕೊಳ್ಳುವುದೋ ಬೇಡವೋ ಎಂದು ಯಜಮಾನರು ಮೂರು ದಿನದಿಂದ ತಲೆ ಕೆಡಿಸಿಕೊಂಡಿದ್ದರು.

ಅವರಿಗಿಂತ ಹೆಚ್ಚು ಕೆಡಿಸಿಕೊಂಡವನು ಕರಿಯಣ್ಣ. ಹಳೆ ಕಾರನ್ನು ತೊಳೆಯುವವನೂ ರಿಪೇರಿ ಮಾಡುವವನೂ ಅವನೇ. ಹೊಸದರ ಬಾನೆಟ್ ತೆಗೆಯಲೂ ಶೋರೂಮಿನವರೇ ಬರಬೇಕಂತೆ. ಹಾಗಾದರೆ ಅವನಿಗೆ ಅಲ್ಲೇನು ಕೆಲಸ?

ಅವನ ಮಗಳು ಪದ್ಮಶ್ರೀ ಎಂಟನೇ ತರಗತಿಗೆ ಶಾಲೆ ಬಿಟ್ಟು ಅದೇ ಕಣದಲ್ಲಿ ಕಾಯಿ ವಿಂಗಡಿಸುತ್ತಿದ್ದಳು. ಒಣಗಲು ಹಾಕಿದ್ದ ಅಟ್ಟದಿಂದ ಇಳಿಸಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುವಳು. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎಂದರೆ ಒಣಗಿದೆ. ಸುಮ್ಮನಿದ್ದರೆ ಇನ್ನೂ ಹಸಿ. ಅವಳ ಕಿವಿ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

"ಅಷ್ಟ್ಯಾಕೆ ಯೋಚ್ನೆ ಯಜಮಾನ್ರೆ," ಎಂದಳು ಕಾಯಿ ಸುಲಿಯುತ್ತಿದ್ದ ವನಜಾಕ್ಷಿ. "ನಮ್ಮ ಪದ್ಮಿ ಕೈಲಿ ಅಲ್ಲಾಡ್ಸಿ ನೋಡ್ಸಿ."

ಎಲ್ಲರೂ ನಕ್ಕರು. ಯಜಮಾನರು ನಗಲಿಲ್ಲ. "ಬಾರವ್ವ," ಎಂದರು.

ಕರಿಯಣ್ಣ ಮಗಳ ಪಕ್ಕಕ್ಕೆ ಬಂದ. "ಹಳೇದೇ ಚೆನ್ನಾಗೈತೆ ಅಂದ್ಬುಡು ಮಗ. ಇನ್ನೇನೂ ಮಾತಾಡ್ಬ್ಯಾಡ."

ಮೊದಲು ಯಜಮಾನರೂ ಅವಳೂ ಹಳೆಯದರಲ್ಲಿ ತುರುವೇಕೆರೆ ರಸ್ತೆಯಲ್ಲಿ ಹೋದರು. ಯಜಮಾನರು ಗೇರು ಬದಲಿಸಿದಾಗಲೆಲ್ಲ ಬೆನ್ನಿಗೆ ಗುದ್ದಿದಂತಾಗುತ್ತಿತ್ತು. ಇಂಜಿನ್ನಿನ ಬಿಸಿ ಪಾದಕ್ಕೆ ತಾಕುತ್ತಿತ್ತು. ಸೀಟಿನ ಕೆಳಗೆ ತೆಂಗಿನ ನಾರು ತುರುಕಿದ್ದು ಹಿಮ್ಮಡಿಗೆ ಸಿಕ್ಕಿತು. ಆ ನಾರಿನ ಹಿಂದೆ ಏನೋ ಸಣ್ಣಗೆ ಗಡಗಡ ಎನ್ನುತ್ತಿತ್ತು.

ಆಮೇಲೆ ಹೊಸದು. ಇದಕ್ಕೆ ಗೇರಿನ ಕೋಲೇ ಇಲ್ಲ. ತಿರುವುಗಳನ್ನು ಅದು ನೆಲ ಕಚ್ಚಿಕೊಂಡು ದಾಟಿತು. ಹಳೆಯದು ಅಲ್ಲಿ ಹಿಂದಿನ ಚಕ್ರ ಜಾರಿಸಿತ್ತು. ಓಟದಲ್ಲಿ ಇದೇ ಮೇಲು ಎಂದು ಅವಳಿಗೂ ಗೊತ್ತಾಯಿತು. ಆದರೆ ಇಂಜಿನ್ ಇದ್ದದ್ದು ಮುಂದೆ, ಅದರ ಗರ್ಜನೆ ಬರುತ್ತಿದ್ದದ್ದು ಬಾಗಿಲೊಳಗಿಂದ. ಕಣಕ್ಕೆ ಮರಳಿದ ಮೇಲೆ ಸೂರ್ಯಪ್ರಕಾಶನನ್ನು ಮೆಲ್ಲಗೆ ಕೇಳಿದಳು.

"ಅದು ಸ್ಪೀಕರ್‌ನಿಂದ ಬರೋದು ಸಿಸ್ಟರ್. ಇಂಜಿನ್ ಸದ್ದು ಈಗ ಕಡಿಮೆ, ಅದಕ್ಕೆ ಸೇರಿಸ್ತಾರೆ."

ಸದ್ದು ಇಲ್ಲದ್ದಕ್ಕೆ ಸದ್ದು ಸೇರಿಸುವುದು, ಇರುವ ಸದ್ದಿಗೆ ನಾರು ತುರುಕುವುದು. ಯಾವುದನ್ನು ನಂಬಬೇಕೋ ಅವಳಿಗೆ ತಿಳಿಯಲಿಲ್ಲ.

"ಹೇಳವ್ವ," ಎಂದರು ಯಜಮಾನರು.

ಅಪ್ಪ ಅವಳನ್ನೇ ನೋಡುತ್ತಿದ್ದ. ಹಳೆಯದೇ ಚೆನ್ನಾಗಿ ಓಡುತ್ತದೆ ಎನ್ನಲು ನಾಲಿಗೆ ಏಳಲಿಲ್ಲ. ಸುಳ್ಳಲ್ಲದ ಒಂದು ಒಳ್ಳೆಯ ಮಾತಿಗಾಗಿ ಹುಡುಕಿದಳು. ಅವಳಿಗೆ ಗೊತ್ತಿದ್ದ ಹೊಗಳಿಕೆ ಒಂದೇ.

"ಹಳೇದು ಚೆಂದಾಗಿ ಒಣಗೈತೆ ಯಜಮಾನ್ರೆ. ಒಳಗೆ ಬುಟ್ಕಂಡು ಗಡಗಡ ಅಂತೈತೆ. ಹೊಸದು ಬಾಯಲ್ಲಿ ಕೂಗ್ತೈತೆ ಅಷ್ಟೆ, ಒಳಗೆ ಇನ್ನೂ ಹಸಿ."

ಯಜಮಾನರು ಕರಿಯಣ್ಣನ ಕಡೆ ತಿರುಗಿದರು. "ಗಡಗಡ ಅಂತೈತೇನ್ಲಾ?"

"ಒಂದು ಬೋಲ್ಟು ಬುಟ್ಟೈತೆ. ಸಾಮಾನು ಸಿಗ್ನಿಲ್ಲ," ಎಂದ ಕರಿಯಣ್ಣ ನೆಲ ನೋಡುತ್ತ. "ನಾರು ಇಕ್ಕಿದ್ದೆ."

ಯಜಮಾನರು ಹಳೆ ಕಾರಿನ ಬಾಗಿಲು ತೆಗೆದು ಸೀಟಿನ ಕೆಳಗಿನ ನಾರನ್ನು ಎಳೆದು ನೋಡಿದರು. ಆಮೇಲೆ ಪದ್ಮಶ್ರೀಯನ್ನೇ ಕೇಳಿದರು. "ಒಣಗಿದ ಕಾಯಿ ಏನ್ ಮಾಡ್ತೀವವ್ವ ನಾವು?"

"ಸುಲಿದು ಮಾರಾಕೆ ಮಂಡಿಗೆ ಹಾಕ್ತೀವಿ."

"ಹಸೀದು?"

ಉತ್ತರ ಬಾಯಿಗೆ ಬರುವಷ್ಟರಲ್ಲಿ ತನ್ನ ಹೊಗಳಿಕೆ ಎತ್ತ ಹೋಯಿತೆಂದು ಅವಳಿಗೆ ಅರ್ಥವಾಗಿತ್ತು. ವನಜಾಕ್ಷಿಯೇ ಹೇಳಿಬಿಟ್ಟಳು. "ಅಟ್ಟದ ಮ್ಯಾಲೆ ಇಕ್ಕಂತೀವಿ."

"ಸರಿ ಹಂಗಾರೆ," ಎಂದು ಯಜಮಾನರು ಹಳೆ ಕಾರಿನ ಕೀಲಿಯನ್ನು ಸೂರ್ಯಪ್ರಕಾಶನ ಕೈಗೆ ಹಾಕಿದರು.

ಮರುದಿನ ಕರಿಯಣ್ಣ ಬೇರೆ ಕೆಲಸವಿಲ್ಲದೆ ಮಗಳ ರಾಶಿಯ ಪಕ್ಕ ಬಂದು ಕುಳಿತ. ಬೈಯಲಿಲ್ಲ. ಒಂದು ಕಾಯಿ ಎತ್ತಿ ಅವಳ ಕಿವಿಯ ಹತ್ತಿರ ಅಲ್ಲಾಡಿಸಿದ.

"ಇದು ಯಾವ ಕಡೀಕೆ ಮಗ?"

ಗಡಗಡ ಎಂಬುದು ಸ್ಪಷ್ಟವಾಗಿ ಕೇಳಿತು. ಪದ್ಮಶ್ರೀ ಕಾಯಿಯನ್ನು ಕೈಗೆ ತೆಗೆದುಕೊಂಡು ಇನ್ನೊಮ್ಮೆ ಅಲ್ಲಾಡಿಸಿದಳು. ಮತ್ತೊಮ್ಮೆ ಅಲ್ಲಾಡಿಸಿದಳು. ಯಾವ ಕಡೆಗೂ ಹಾಕದೆ ಮಡಿಲಲ್ಲೇ ಇಟ್ಟುಕೊಂಡಳು.