ಮಧ್ಯಾಹ್ನ ಎರಡಕ್ಕೆ ಕಣ್ಣು ಮುಚ್ಚುವ ಕ್ಯಾಮೆರಾ

ಒಂದೇ ತಿಂಗಳಲ್ಲಿ ಕ್ಯಾಮೆರಾ ರಿಪೇರಿಯ ಮಾರ್ಲಿಸ್ ಟ್ವೈಟ್, ಡ್ರೂರಿ ದಂಪತಿಯ ಮನೆಗೆ ಬರುತ್ತಿರುವುದು ಇದು ಮೂರನೆಯ ಸಲ. ಬೆಳಗ್ಗೆಯಿಂದ ಮೂರು ಮನೆಗಳ ಕ್ಯಾಮೆರಾ ಸರಿಮಾಡಿದ್ದಳು. ಐವತ್ತಾರರ ವಯಸ್ಸಿನಲ್ಲಿ, ಅಮೆರಿಕದ ಡುಲೂತ್ ಊರಿನ ಆ ಹಿಮದಲ್ಲಿ ಏಣಿ ಹತ್ತಿಳಿದು ಮಂಡಿಗಳು ಮುಷ್ಕರ ಹೂಡಿದ್ದವು. ಅಷ್ಟರಲ್ಲಿ ಈ ಮನೆಯೊಡತಿ ಕೊಲೀನ್ ತಾನು ಕೆಲಸ ಮಾಡುವ ಆಸ್ಪತ್ರೆಯ ಲಾಂಡ್ರಿಯಿಂದ ಫೋನ್ ಮಾಡಿದ್ದಳು.

"ನಿಮ್ಮ ರಿಪೇರಿಗೆ ಎರಡು ದಿನದ ಆಯಸ್ಸೂ ಇಲ್ವಲ್ರೀ! ಮಧ್ಯಾಹ್ನ ಎರಡಾಯ್ತು ಅಂದ್ರೆ ಸಾಕು, ಫೋನಲ್ಲಿ ನೋಡ್ತಿರೋ ಹಾಗೇ ಕ್ಯಾಮೆರಾ ಸತ್ತೇಹೋಗುತ್ತೆ. ನಮ್ಮ ಯಜಮಾನರು ಮನೇಲಿ ಒಬ್ರೇ. ಇಲ್ಲಿ ನನ್ನ ಜೀವ ಬಾಯಿಗೆ ಬರುತ್ತೆ."

ಮೊದಲ ಸಲ ಬಂದಾಗ ಪಕ್ಕದ ಮನೆಯ ವೈಫೈ ಅಡ್ಡ ಬರುತ್ತಿದೆಯೆಂದು ಮಾರ್ಲಿಸ್ ಈ ಮನೆಯ ವೈಫೈ ಚಾನೆಲ್ ಬದಲಿಸಿದ್ದಳು. ಎರಡನೆಯ ಸಲ ಕೋಣೆಯ ಕ್ಯಾಮೆರಾ, ಹಿತ್ತಲ ಸೂರಿನ ಕ್ಯಾಮೆರಾ ಎರಡನ್ನೂ ಬದಲಿಸಿದ್ದಳು. ಇಂದು ಬೇಸತ್ತು ಬೇರೇನನ್ನೂ ಮುಟ್ಟದೆ, ಲ್ಯಾಪ್‌ಟಾಪ್ ತೆರೆದು, ಕ್ಯಾಮೆರಾಗಳಿಗೆ ವೈಫೈ ಕೊಡುವ ರೌಟರಿನ ದಾಖಲೆ ನೋಡಿದಳು. ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಎರಡಕ್ಕೆ ಸರಿಯಾಗಿ ರೌಟರಿಗೆ ಕರೆಂಟು ಹೋಗಿತ್ತು. ಎರಡೂ ನಲವತ್ತಕ್ಕೆ ಬಂದಿತ್ತು. ಅಡುಗೆಮನೆಯ ಕರೆಂಟು ಒಲೆಯ ಗಡಿಯಾರ ಮಾತ್ರ ಒಂದು ನಿಮಿಷವೂ ತಪ್ಪಿರಲಿಲ್ಲ. ಅಂದರೆ ಮನೆಯ ಕರೆಂಟು ಹೋಗಿಲ್ಲ.

ಯಜಮಾನ ಓರಿನ್ ಎದುರಿನ ಕುರ್ಚಿಯಲ್ಲೇ ಕೂತಿದ್ದ. ಬಂದರಿನಲ್ಲಿ ಮೂವತ್ತು ವರ್ಷ ಕ್ರೇನ್ ನಡೆಸಿದವನು. ಕಳೆದ ಶರತ್ಕಾಲದಲ್ಲಿ ಲಕ್ವ ಹೊಡೆದು ಎಡಗಾಲು ಎಳೆಯುತ್ತಿತ್ತು. ರೌಟರು ಅವನ ಕೈಗೆಟಕುವ ಸಣ್ಣ ಮೇಜಿನ ಮೇಲಿತ್ತು.

"ಮನೇಲಿ ದೆವ್ವ ಗಿವ್ವ ಇದೆಯೇನೋ," ಎಂದ ಓರಿನ್, ಕಿಟಕಿ ನೋಡುತ್ತ.

"ಆ ದೆವ್ವಕ್ಕೆ ಶನಿವಾರ, ಭಾನುವಾರ ರಜಾನಾ? ಕೊಲೀನ್ ಮನೇಲಿದ್ದಾಗ ಅದು ಬರೋದೇ ಇಲ್ವಲ್ಲ."

ಓರಿನ್‌ನ ಕಿವಿ ಕೆಂಪಾಯಿತು. ಆಮೇಲೆ ಮೆಲ್ಲಗೆ, "ಪ್ಲಗ್ ಕೀಳೋದು ನಾನೇ," ಎಂದ. "ದಿನಾ ನಲವತ್ತು ನಿಮಿಷ ನಡೀಬೇಕು ಅಂತ ಡಾಕ್ಟರು ಹೇಳವ್ರೆ. ಕ್ರಿಸ್‌ಮಸ್ ದಿನ ಅವಳ ಕಣ್ಣೆದುರೇ ಬಿದ್ದೆ ನೋಡಿ, ಅವತ್ತಿಂದ ಕುರ್ಚಿ ಬಿಟ್ಟು ಎದ್ರೆ ಸಾಕು, ಫೋನು. 'ಕೂತ್ಕೋ, ಕೂತ್ಕೋ.' ಅವಳು ನೋಡ್ತಾಳೆ ಅಂದ್ರೆ ಕಾಲೇ ಏಳಲ್ಲ ಕಣಮ್ಮ."

ಮಾರ್ಲಿಸ್‌ಗೆ ಸಿಟ್ಟು ನೆತ್ತಿಗೇರಿತು. "ನಾನು ಈ ಮಂಡಿ ಇಟ್ಕೊಂಡು ನಿಮ್ಮ ಸೂರಿಗೆ ಹತ್ತಿದೆ. ನೀವು ಕಾಫಿ ಕೊಟ್ಟು ನೋಡ್ತಾ ಕೂತಿದ್ರಿ!"

"ತಪ್ಪಾಯ್ತು," ಎಂದ ಓರಿನ್. "ಅವಳಿಗೆ ಹೇಳ್ಬಿಡ್ತೀರಾ?"

ಸುಳ್ಳು ಹೇಳಿ ಇನ್ನೊಂದು ಕ್ಯಾಮೆರಾ ಹಾಕಿ ಹೋಗುವುದು ಸುಲಭವಾಗಿತ್ತು. ಆದರೆ ನಾಲ್ಕನೆಯ ಸಲ ಬರುವ ಶಕ್ತಿ ಮಾರ್ಲಿಸ್‌ಗೆ ಇರಲಿಲ್ಲ. "ನಾನು ಹೇಳಲ್ಲ. ನೀವೇ ಹೇಳಿ. ಈಗ್ಲೇ, ನನ್ನೆದುರಿಗೇ."

ಓರಿನ್ ಫೋನ್ ಮಾಡಿ ಸ್ಪೀಕರಿಗೆ ಹಾಕಿ, ಎಲ್ಲವನ್ನೂ ಹೇಳಿದ. ಆ ಕಡೆ ಬಟ್ಟೆ ಒಗೆಯುವ ಯಂತ್ರಗಳು ಸದ್ದು ಮಾಡುತ್ತಿದ್ದವು.

"ಬಿದ್ದಿದ್ರೆ?" ಎಂದಳು ಕೊಲೀನ್.

"ಬಿದ್ದಿಲ್ವಲ್ಲೇ. ಐದು ವಾರ ಆಯ್ತು. ಹಿತ್ತಲ ಮೆಟ್ಟಿಲು ಮೂರೂ ಇಳೀತೀನಿ."

"ಮೆಟ್ಟಿಲಾ! ಹಿಮದಲ್ಲಿ! ಬುದ್ಧಿ ಇದೆಯಾ ನಿಂಗೆ?" ಅವಳ ದನಿ ಒಡೆಯಿತು. ಅಳುತ್ತಿದ್ದಳು. ಮೂಗೊರೆಸಿಕೊಂಡು ಹೇಳಿದಳು, "ಪ್ಲಗ್ ಕೀಳ್ಬೇಡ. ನಾನು ನೋಡ್ತೀನಿ, ನೋಡ್ದೆ ಇರೋಕಾಗಲ್ಲ. ಆದ್ರೆ ಫೋನ್ ಮಾಡಲ್ಲ, ಆಯ್ತಾ? ... ಮಾರ್ಲಿಸ್, ಇದ್ದೀರೇನ್ರೀ? ಇವತ್ತೊಂದಿನ ಇವ್ನ ಜೊತೆಗಿರ್ತೀರಾ?"

ಮುಂದಿನ ಮನೆಯವರು ಆಗಲೇ ಎರಡು ಸಲ ಕರೆ ಮಾಡಿದ್ದರು. ಮಾರ್ಲಿಸ್ ಅವರಿಗೆ ತಡವಾಗುತ್ತದೆಂದು ಮೆಸೇಜು ಕಳಿಸಿ, ಹಿತ್ತಲ ಬಾಗಿಲು ತೆರೆದು ಹಿಡಿದಳು. ಓರಿನ್ ಊರುಗೋಲೂರಿ ಒಂದೊಂದೇ ಮೆಟ್ಟಿಲು ಇಳಿದ. ಮೂರು ಮೆಟ್ಟಿಲಿಗೆ ನಾಲ್ಕು ನಿಮಿಷ ಹಿಡಿಯಿತು. ಕೆಳಗೆ ನಿಂತು, ಬೆವರೊರೆಸಿಕೊಂಡು, ಸೂರಿನ ಕ್ಯಾಮೆರಾದ ಕಡೆ ಒಮ್ಮೆ ನೋಡಿದ.

ಫೋನು ಸದ್ದು ಮಾಡಲಿಲ್ಲ.