ಕೋರಮಂಡಲಿಗೆ ಇಲ್ಲಿ ಚೇಂಜ್

ಒದ್ದೆ ಕಲ್ಲು, ಮೆಷಿನ್ ಎಣ್ಣೆ, ಅದರಡಿಯಲ್ಲೆಲ್ಲೋ ಬೆಂದ ಹುರುಳಿಕಾಳು — ಚಿಕ್ಕಂದಿನಲ್ಲಿ ಮುಖ ಹುದುಗಿಸುತ್ತಿದ್ದ ಅಪ್ಪನ ಅಂಗಿಯ ವಾಸನೆ, ಇಲ್ಲಿ ಬಂಗಾರಪೇಟೆಯ ಪ್ಲಾಟ್‌ಫಾರಂ ಮೇಲೆ ಎಲ್ಲಿಂದ ಬಂತು, ಅನಸೂಯ ಸುತ್ತ ನೋಡಿದಳು, ಎಣ್ಣೆಡಬ್ಬಿ ಹಿಡಿದವನೊಬ್ಬ ಹಳಿ ದಾಟಿ ಹೋದ, ಹುರುಳಿ ಮಾತ್ರ ತೊಡೆಯ ಮೇಲಿನ ಕ್ಯಾರಿಯರಿನದೇ, ಬೆಳಿಗ್ಗೆ ತಾನೇ ಮಾಡಿದ ಸಾರು, ಎರಡು ಮುದ್ದೆ, ನಿನ್ನೆ ಸಂಜೆ ಕದಿರಮ್ಮನ ಗಂಡ ಸೀನಪ್ಪ ತೀರಿಕೊಂಡರಂತೆ, ಆ ಮನೆಯಲ್ಲಿ ಇವತ್ತು ಒಲೆ ಹಚ್ಚುವುದಿಲ್ಲ. ಏನಮ್ಮಾ, ಕೋರಮಂಡಲಿಗೆ ಓಗೋರು ಇಲ್ಲೇ ಚೇಂಜ್ ಮಾಡ್ಬೇಕಾ, ಮುದುಕರೊಬ್ಬರು ಕೇಳಿದರು, ಹೌದು ತಾತ, ಇಲ್ಲೇ ಚೇಂಜ್, ಅಂದವಳು ಕ್ಯಾರಿಯರನ್ನು ಒತ್ತಿ ಹಿಡಿದಳು. ಎಷ್ಟು ಸಣ್ಣ ಮಾತು, ಎಲ್ಲರ ಬಾಯಲ್ಲೂ ಓಡಾಡುತ್ತದೆ, ಬಸ್ಸು ಹತ್ತಹೋದರೆ ಚೇಂಜ್ ಇದ್ರೆ ಹತ್ತಿ ಅಮ್ಮ, ಡಾಕ್ಟರ ಹತ್ತಿರ ಹೋದರೆ ಸ್ವಲ್ಪ ಗಾಳಿ ಚೇಂಜ್ ಆಗ್ಲಿ, ಪಕ್ಕದ ಮನೆಯವಳು ಸೀರೆ ಚೇಂಜ್ ಮಾಡ್ಕೊಂಡ್ ಬತ್ತೀನಿ ತಾಳಕ್ಕ, ಕ್ಲಾಸಿನಲ್ಲಿ ತಾನೇ ಬೋರ್ಡಿನ ಮೇಲೆ ವಾಯ್ಸ್ ಚೇಂಜ್ ಮಾಡಿ ಎಂದು ಬರೆದು ಮಕ್ಕಳಿಗೆ ಬೆನ್ನು ತಿರುಗಿಸಿ ನಿಂತುಬಿಡುತ್ತಾಳೆ ಒಂದು ಗಳಿಗೆ, ಸುಣ್ಣದಕಡ್ಡಿ ಕೈಯಲ್ಲೇ ಇರುತ್ತದೆ, ಟೀಚರ್ ಹುಷಾರಿಲ್ವಾ ಅನ್ನುತ್ತವೆ ಮಕ್ಕಳು.

ರೈಲು ಬಂತು, ಕಿಟಕಿಯ ಪಕ್ಕ ಕೂತಳು, ಕ್ಯಾರಿಯರಿನ ಕೊಂಡಿಗೆ ಚುಚ್ಚಿದ ಚಮಚ ಬೆರಳಿಗೆ ತಾಗುತ್ತಿದೆ, ಹಿಡಿಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು, ಸೀನಪ್ಪ, ಆಗ ಅಲ್ಲಿದ್ದದ್ದು ಬೇವಿನ ಕಡ್ಡಿ, ಕ್ಯಾರಿಯರಿನ ಸ್ವಂತ ಚಮಚ ಎಂದೋ ಕಳೆದುಹೋಗಿತ್ತು. ಎಪ್ಪತ್ಮೂರನೇ ಇಸವಿ, ಅವಳು ಪಿಯುಸಿ, ಬೆಳಗಿನ ಎಂಟಕ್ಕೆ ಗೂಡಿನ ಪಾತ್ರೆಗಳು ತಾವಾಗಿ ಗಲಗಲ ಅಂದವು, ಚಿನ್ನದ ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಮೊದಲು ಪಾತ್ರೆಗಳಿಗೇ ಗೊತ್ತಾಗುವುದು, ಅಮ್ಮ ಒಲೆಯ ಮುಂದೆ ಕೂತವಳು ಏಳಲೇ ಇಲ್ಲ. ಗಣಿಗಿಳಿಯುವ ಪ್ರತಿಯೊಬ್ಬನ ಹತ್ತಿರವೂ ನಂಬರಿನ ಹಿತ್ತಾಳೆ ಬಿಲ್ಲೆ ಇರುತ್ತದೆ, ಟೋಕನ್, ಯಾರು ಯಾವ ಆಳದಲ್ಲಿ ಎಂದು ಆಫೀಸಿನವರಿಗೆ ಗೊತ್ತಾಗುವುದು ಅದರಿಂದಲೇ, ಒಂಬತ್ತೂವರೆಗೆ ಆಫೀಸಿನಿಂದ ಬಂದವನು ಬಂಡೆಯಡಿ ಹೋದವನದೆಂದು ಒಂದೇ ನಂಬರು ಹೇಳಿದ, ಅಪ್ಪನದಲ್ಲ, ಮೂರು ಮನೆ ಆಚೆಯ ಸೀನಪ್ಪನದು. ಸದ್ಯ, ನಮ್ಮಪ್ಪ ಅಲ್ಲ. ಎಷ್ಟು ಬೇಗ ಬಂತು ಆ ಸದ್ಯ, ಯಾರೂ ಕರೆಯದೆ, ಅಪ್ಪ ಮಣ್ಣು ತೆಗೆಯೋಕೆ ನಿಂತಿರ್ತಾನೆ ಬಿಡು ಅಂದಳು ಅಮ್ಮ, ಎದ್ದು ಮುದ್ದೆ ತಿರುವಿದಳು, ಪಾಪ ಕದಿರಮ್ಮ, ಒಂದು ತುತ್ತು ತಿನ್ನಿಸಿ ಬಾ ಓಗೇ, ಅನಸೂಯ ಕ್ಯಾರಿಯರ್ ಎತ್ತಿಕೊಳ್ಳುವ ಮುಂಚೆ ಕನ್ನಡಿ ನೋಡಿಕೊಂಡಳು, ಕನ್ನಡಿ ನೋಡಿಕೊಂಡಿದ್ದಳು, ಸಾವಿನ ಮನೆಗೆ ಹೊರಟವಳು, ಜಡೆ ಮುಂದೆ ಹಾಕಿಕೊಂಡು.

ಕದಿರಮ್ಮ ತುತ್ತು ನುಂಗಲಿಲ್ಲ, ಬಾಯಲ್ಲೇ ಇಟ್ಟುಕೊಂಡಿದ್ದಳು, ಎರಡು ಗಂಟೆಗೆ ಬಾಗಿಲಲ್ಲಿ ನೆರಳು ಬಿತ್ತು, ಸೀನಪ್ಪ, ತಲೆಯಿಂದ ಕಾಲಿನವರೆಗೆ ಬೂದಿ ಬಣ್ಣ, ಉಗುರು ಕಿತ್ತ ಬೆರಳು, ಆ ಒದ್ದೆ ಕಲ್ಲಿನ ವಾಸನೆ. ಕದಿರಮ್ಮ ಎದ್ದಳು, ಅವಳ ಗಂಟಲಿನಿಂದ ಏನೋ ಒಂದು ಹೊರಟಿತು, ಖುಷಿಯದು, ಜೀವ ಬಂದದ್ದು, ಅಷ್ಟರಲ್ಲಿ ಗಂಡ ನೋಡುತ್ತಿದ್ದ ಕಡೆ ತಿರುಗಿದ ಅವಳ ಕಣ್ಣು ಅನಸೂಯಳ ಮೇಲೆ ಬಿತ್ತು, ಸೆರಗನ್ನು ಬಾಯಿಗೆ ತುರುಕಿಕೊಂಡಳು, ಒತ್ತಿ ಹಿಡಿದಳು. ಸೀನಪ್ಪ ಗಂಡನನ್ನೇ ಕಳೆದುಕೊಂಡ ಹೆಂಗಸಿನ ಹಾಗೆ ಗೋಡೆಗೆ ಒರಗಿದ, ನಂಗೆ ಬೆಳಿಗ್ಗೆ ಎದೆ ಇಡ್ಕಂತು ಕಣಮ್ಮಾ, ಅಷ್ಟು ಆಳಕ್ಕೆ ಓಗಕ್ಕಾಗಲ್ಲ ಅಂದೆ, ನಿಮ್ಮಪ್ಪ ನಕ್ಕ, ಲೇ ಸೀನ, ಚೇಂಜ್ ಮಾಡ್ಕೊಳಾಕೆ ಬಂಗಾರಪೇಟೆಗೇ ಓಗ್ಬೇಕೇನ್ಲಾ, ಇಲ್ಲೇ ಮಾಡ್ಕೊ, ಅಂತ ನನ್ ಟೋಕನ್ ಕಿತ್ಕೊಂಡು ಅವನ್ದು ಕೈಗಿಟ್ಟ, ನನ್ ಬದ್ಲು ಅವನೇ ಇಳ್ದ, ಅಗ್ದೆ ಕಣಮ್ಮಾ, ಇಷ್ಟೊತ್ತೂ ಅಗ್ದೆ. ಅಂಗೈ ಬಿಚ್ಚಿದ, ಅಪ್ಪನ ನಂಬರು. ಮೂರು ಮನೆಯ ದೂರ, ಅಲ್ಲಿ ಅಮ್ಮ ಇನ್ನೂ ಮುದ್ದೆಗೆ ಬಟ್ಟೆ ಮುಚ್ಚಿಟ್ಟು ಕಾಯುತ್ತಿದ್ದಳು.

ರೈಲು ನಿಧಾನವಾಯಿತು, ಬಿಳಿ ಮಣ್ಣಿನ ದಿಬ್ಬಗಳು, ಕೋರಮಂಡಲ್, ಇಳಿದಳು, ಹೇಳಲೇಬೇಕು ಇವತ್ತು ಕದಿರಮ್ಮನಿಗೆ, ಅತ್ತೆ, ಆವತ್ತು ನಾನು ಸದ್ಯ ಅಂದುಕೊಂಡೆ, ನಿಮ್ಮ ಮನೆಗೆ ಜಡೆ ಸರಿಮಾಡಿಕೊಂಡು ಬಂದೆ, ನೀವು ನಿಮ್ಮ ಗಂಡ ಬದುಕಿ ಬಂದರೂ ಸೆರಗು ಕಚ್ಚಿಕೊಂಡಿರಿ, ಇಪ್ಪತ್ತೊಂದು ವರ್ಷ, ದಾರಿಯುದ್ದ ಜೋಡಿಸಿದಳು, ಹುಣಸೆಮರ, ನಲ್ಲಿ, ಅವರಿದ್ದ ಮನೆಗೆ ಈಗ ನೀಲಿ ಬಾಗಿಲು, ಒಂದು, ಎರಡು, ಮೂರನೆಯದು. ಬಾಗಿಲಲ್ಲಿ ಕದಿರಮ್ಮ, ಎಷ್ಟು ಚಿಕ್ಕವಳಾಗಿಬಿಟ್ಟಿದ್ದಾಳೆ, ಬಂದ್ಯಾ ಮಗಾ, ಉಂಡ್ಯಾ, ತನ್ನ ಮನೆಯ ಸಾವಿನಲ್ಲೂ ಉಂಡ್ಯಾ ಅನ್ನುತ್ತಾಳೆ, ಅತ್ತೆ ಅಂದಳು ಅನಸೂಯ, ಅತ್ತೆ, ಕ್ಯಾರಿಯರನ್ನು ಮುಂದೆ ಹಿಡಿದಳು, ಆವತ್ತು ಸಂಜೆ ಅಮ್ಮ ಬಿದ್ದುಕೊಂಡಿದ್ದ ಮನೆಯ ಬಾಗಿಲಲ್ಲಿ ಕದಿರಮ್ಮ ಹೀಗೇ ನಿಂತಿದ್ದಳಲ್ಲ, ಅದೇ ಕ್ಯಾರಿಯರ್ ತೊಳೆದು, ಬಿಸಿ ಅನ್ನ ತುಂಬಿ, ಬೇವಿನ ಕಡ್ಡಿ ತೆಗೆದು ತನ್ನ ಮನೆಯ ಚಮಚ ಚುಚ್ಚಿ, ಕೈ ಮಾತ್ರ ಮುಂದೆ. ಕದಿರಮ್ಮನ ಬೆರಳು ಚಮಚದ ಹಿಡಿಯ ಮೇಲೆ ನಿಂತಿತು, ಚುಕ್ಕಿ ಚುಕ್ಕಿ ಸವರಿತು, ಸೀನಪ್ಪ, ಸೆರಗು ಬಾಯಿಯ ಹತ್ತಿರಕ್ಕೆ ಬಂತು, ಅಲ್ಲೇ ನಿಂತಿತು, ಅನಸೂಯ ಕ್ಯಾರಿಯರನ್ನು ಆ ಎರಡು ಕೈಗಳಿಗೆ ಕೊಟ್ಟಳು, ಇನ್ನೂ ಬಿಸಿ ಇತ್ತು.