ಶುಕ್ರವಾರದ ಅಳು

ಕತ್ತಲಲ್ಲಿ ಹಿಂದಿನ ಸಾಲಿನ ಕುರ್ಚಿಯೊಂದು ಕಿರ್ರೆಂದಿತು. ನಲಿನಿ ತಿರುಗಿದಳು. ಅಷ್ಟು ದೊಡ್ಡ ಥಿಯೇಟರಿನಲ್ಲಿ ಬೆಳಗಿನ ಮೊದಲ ಆಟಕ್ಕೆ ತಾನೊಬ್ಬಳೇ ಎಂದುಕೊಂಡಿದ್ದಳು. ಸ್ಕೂಟರ್ ಓಡಿಸುವ ಹುಡುಗಿಯರಂತೆ ಕಣ್ಣಷ್ಟೇ ಬಿಟ್ಟು ಮುಖಕ್ಕೆ ಓಢಣಿ ಸುತ್ತಿಕೊಂಡವಳೊಬ್ಬಳು ಎದ್ದು ಬಂದು, "ಪಕ್ಕ ಕೂತ್ಕೊಳ್ಲಾ ಅಮ್ಮಾ?" ಎಂದು ತೆಲುಗಿನಲ್ಲಿ ಕೇಳಿದಳು.

ಆ ದನಿಯನ್ನು ನಲಿನಿ ಆಗಷ್ಟೇ ಪರದೆಯ ಮೇಲೆ ಕೇಳಿದ್ದಳು. ಈ ಸಿನಿಮಾದ ನಾಯಕಿ, ಲಹರಿ.

"ನನ್ನ ಸಿನಿಮಾದ ಮೊದಲ ಆಟ ಯಾವಾಗಲೂ ಅಮ್ಮನ ಜೊತೆ ನೋಡ್ತಿದ್ದೆ. ಹೋದ ತಿಂಗಳು ತೀರಿಕೊಂಡಳು. ಯಾರಿಗೂ ಹೇಳಿಲ್ಲ. ಹೇಳಿದ್ರೆ ಅದನ್ನೂ ಪೋಸ್ಟರ್ ಮಾಡ್ತಾರೆ."

ನಲಿನಿ ಚೀಲದ ತಳದಲ್ಲಿ ಬಚ್ಚಿಟ್ಟು ತಂದಿದ್ದ ಅವಲಕ್ಕಿ ಡಬ್ಬಿ ತೆರೆದು ಇಬ್ಬರ ನಡುವೆ ಹಿಡಿದಳು. ಪರದೆಯ ಮೇಲೆ ನಗುತ್ತಿದ್ದವಳು ಇಲ್ಲಿ ಅಳುತ್ತ ತಿಂದಳು. ನಲಿನಿಗೂ ಅಳು ತಡೆಯಲಾಗಲಿಲ್ಲ.

ರೈಲ್ವೆಯಲ್ಲಿದ್ದ ಗಂಡ ತೀರಿಹೋದ ವರ್ಷ, ಮಲ್ಕಾಜ್‌ಗಿರಿ ಬಡಾವಣೆಯ ಮನೆಯಲ್ಲಿ ಒಬ್ಬಳೇ ಕೂರಲಾರದೆ ನಲಿನಿ ಒಂದು ಸಿನಿಮಾಕ್ಕೆ ಬಂದಿದ್ದಳು. ಅತ್ತ ಕಣ್ಣಲ್ಲೇ ಹೊರಬಂದಾಗ ಸಿನಿಮಾ ಪ್ರಚಾರದ ಕಂಪನಿಯ, ತನ್ನೂರ ಕಡೆಯವಳೇ ಆದ ಭಾಗ್ಯಶ್ರೀ ಮೈಕು ಹಿಡಿದಳು. ಆ ವಿಡಿಯೊ ಊರೆಲ್ಲ ಓಡಿ, ಚಿತ್ರವೂ ಓಡಿತು. ಅಂದಿನಿಂದ ಪ್ರತಿ ವಾರ, ಪುಕ್ಕಟೆ ಟಿಕೆಟ್ಟಿನಲ್ಲಿ ಶುಕ್ರವಾರದ ಹೊಸ ಚಿತ್ರ ನೋಡಿ ಕ್ಯಾಮೆರಾದ ಮುಂದೆ ಅಳಲೆಂದು ಭಾಗ್ಯಶ್ರೀಯ ಫೋನು ಬರುತ್ತಿತ್ತು. ನಲಿನಿಗೆ ಬೇರೆ ಯಾರ ಫೋನೂ ಬರುತ್ತಿರಲಿಲ್ಲ.

ಆಟ ಮುಗಿದ ಮೇಲೆ ನಲಿನಿ ನೇರ ಹೊರಗೆ ಹೋಗಲಿಲ್ಲ. ನಲ್ಲಿ ತಿರುಗಿಸಿ, ಕಣ್ಣ ಕೆಂಪು ಇಳಿಯುವವರೆಗೂ ಮುಖ ತೊಳೆದಳು.

"ಇದೇನ್ರಿ ಕಾಕೂ, ಕನ್ಯಾ ನೋಡಾಕ ಬಂದೋರ ಮುಂದ ಕುಂಡ್ರೂವಂಗ ಮುಖ ತೊಳಕೊಂಡು ಬಂದೀರಲ್ಲ?" ಭಾಗ್ಯಶ್ರೀ ಬಾಗಿಲಲ್ಲೇ ಹಿಡಿದಳು. "ಆ ಲಹರಿ ಮೇಡಮ್ಮು ಒಂದ್ ಇಂಟರ್‌ವ್ಯೂಗೂ ಬರಲಿಲ್ಲ. ನಾಯಕೀನ ಮುಖ ತೋರಸಲಿಲ್ಲಂದ್ರ ಜನ ಯಾಕ ಬರ್ತಾರ? ಸಂಜೀ ಒಳಗ ಏನರ ಸುದ್ದಿ ಆಗಲಿಲ್ಲಂದ್ರ ಥೇಟರಿಂದ ಪಿಚ್ಚರ್ ತಗದ್ ಬಿಡ್ತಾರ. ನೀವರ ಅತ್ತು ಉಳಸ್ರಿ."

ಬೇಕಾದ ಸುದ್ದಿ ನಲಿನಿಯ ಬಾಯಲ್ಲೇ ಇತ್ತು. ತಾಯಿಯಿಲ್ಲದ ನಾಯಕಿ, ಖಾಲಿ ಥಿಯೇಟರು, ಅವಲಕ್ಕಿ. ಒಂದು ಮಾತು ಸಾಕು, ಸಂಜೆಯ ಆಟ ತುಂಬುತ್ತದೆ. ಕ್ಯಾಮೆರಾದ ಹಿಂದಿನಿಂದ ಓಢಣಿಯ ಹುಡುಗಿ ತಲೆ ತಗ್ಗಿಸಿ ದಾಟಿ ಹೋದಳು.

ಸಿನಿಮಾ ಚೆನ್ನಾಗಿದೆ ಎಂದಷ್ಟೇ ನಲಿನಿ ಮೈಕಿಗೆ ತೆಲುಗಿನಲ್ಲಿ ಹೇಳಿದಳು.

"ಅಷ್ಟಽನಾ? ಅಳು?"

"ಇವತ್ತ ಬರವಲ್ದವಾ."

ಭಾಗ್ಯಶ್ರೀ ಮೈಕು ಇಳಿಸಿದಳು. "ಬರೂ ಶುಕ್ರವಾರ ನೀವು ಆರಾಮ ಮಾಡ್ರಿ. ಬ್ಯಾರೇದವ್ರನ್ನ ನೋಡ್ತೀನಿ. ಒಳಗ ಮತ್ಯಾರರ ಇದ್ರೇನ್ರಿ?"

"ನಾ ಒಬ್ಬಾಕಿನ ಇದ್ದೆ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮನೆಗೆ ಹೋದೊಡನೆ ದಿನದ ಮಾತನ್ನೆಲ್ಲ ಗಂಡನ ಫೋಟೋದೆದುರು ಒಪ್ಪಿಸುವುದು ಅವಳ ರೂಢಿ. ಇದನ್ನು ಅವನಿಗೂ ಹೇಳುವುದು ಬೇಡ ಎಂದುಕೊಂಡಳು.